ಹಳೆಯ ಗಾನತಟ್ಟೆಗೆ ತೀರ್ಪು ಹೇಳುವ ಮುನ್ನ

ಹಿರಿಯರು ಕೂಡಿಟ್ಟ ಗ್ರಾಮಫೋನು ತಟ್ಟೆಗಳು ಅಟ್ಟದ ಮೇಲೆಯೋ ಹಳೆಯ ಟ್ರಂಕಿನೊಳಗೋ ಉಳಿದುಬಂದಿರುವ ಮನೆಗಳು ನಮ್ಮ ಚಿತ್ತಾಪುರ, ಸೇಡಂ, ಶಹಾಬಾದ್ ಸೀಮೆಯಲ್ಲಿ ಈಗಲೂ ಉಂಟು. ಅವುಗಳನ್ನು ನುಡಿಸುತ್ತಿದ್ದ ಯಂತ್ರವು ಕೆಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಈಚೆಗೆ ಗಾನತಟ್ಟೆಯ ಮೇಲಣ ಆಸಕ್ತಿಯು ಪುನಃ ತಲೆಯೆತ್ತಿರುವುದರಿಂದ, ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಉದ್ಯೋಗದಲ್ಲಿರುವ ಮಗನು ಅಥವಾ ಮಗಳು ಹಬ್ಬಕ್ಕೆ ಊರಿಗೆ ಬರುವಾಗ ಹೊಸ ಟರ್ನ್‌ಟೇಬಲ್ ಒಂದನ್ನು ಕೊಂಡುತರುವುದುಂಟು. ಮನೆಮಂದಿಯೆಲ್ಲ ಸುತ್ತ ಕುಳಿತು, ಇದ್ದ ಆಂಪ್ಲಿಫಾಯರಿಗೆ ಅದನ್ನು ಜೋಡಿಸಿ, ತಟ್ಟೆಯ ಮೇಲೆ ಮುಳ್ಳನ್ನು ಇಳಿಸುತ್ತಾರೆ. ಆಗ ಕೇಳಿಬರುವ ಸ್ವರವಾದರೂ ಎಂತಹುದು? ಅತಿ ಕ್ಷೀಣವಾದುದು, ತೆಳ್ಳಗಾದುದು, ಚರಚರನೆ ಸೀಳುವಂತಹುದು. ಅದರ ಹಿಂದೆ ಜೇನುಹುಳುಗಳ ಗುಂಪಿನಂತೆ ಒಂದು ಗುಂಯ್ಕಾರ ಬೇರೆ. “ತಟ್ಟೆಗಳು ಹಳತಾದುವು, ಸವೆದುಹೋದುವು” ಎಂದು ಅಲ್ಲಿಯೇ ತೀರ್ಪಾಗುತ್ತದೆ. ಮುಂದಿನ ವಾರ ಅವು ಗುಜರಿಯವನ ತಕ್ಕಡಿಗೆ ಏರುತ್ತವೆ.

ಈ ತೀರ್ಪು ಅನೇಕ ವೇಳೆ ಅನ್ಯಾಯವಾದುದು. ದೋಷವು ತಟ್ಟೆಯಲ್ಲಿರುವುದಿಲ್ಲ, ತಟ್ಟೆಗೂ ಆಂಪ್ಲಿಫಾಯರಿಗೂ ನಡುವೆ ಇರಬೇಕಾದ ಒಂದು ಸಣ್ಣ ಪೆಟ್ಟಿಗೆ ಇಲ್ಲದಿರುವುದರಲ್ಲಿ, ಅಥವಾ ಇದ್ದರೂ ಸರಿಯಾದ ರೀತಿಯಲ್ಲಿ ಕೂಡದಿರುವುದರಲ್ಲಿ ಇರುತ್ತದೆ. ಆ ಪೆಟ್ಟಿಗೆಗೆ ಅಂಗಡಿಯವರು ಫೋನೋ ಪ್ರಿಆಂಪ್ ಎನ್ನುತ್ತಾರೆ; ಪೂರ್ವವರ್ಧಕವೆಂದರೂ ಸಲ್ಲುವುದು. ಅದರ ಕಾರ್ಯವೇನು, ಅದನ್ನು ಆರಿಸುವುದು ಹೇಗೆ, ಮನೆಯಲ್ಲಿ ಹೂಡುವುದು ಹೇಗೆ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ನಮ್ಮ ತರ್ಕಶಾಸ್ತ್ರದವರು ದೇಹಲೀದೀಪ ನ್ಯಾಯವೆಂದು ಒಂದನ್ನು ಹೇಳುತ್ತಾರೆ. ಹೊಸ್ತಿಲ ಮೇಲಿಟ್ಟ ಒಂದೇ ದೀಪವು ಒಳಗೂ ಹೊರಗೂ ಬೆಳಕನ್ನು ಕೊಡುತ್ತದಷ್ಟೆ. ಪೂರ್ವವರ್ಧಕವೂ ಹಾಗೆಯೇ ಒಂದೇ ಸ್ಥಾನದಲ್ಲಿದ್ದು ಎರಡು ಕೆಲಸಗಳನ್ನು ಮಾಡತಕ್ಕದ್ದು.

ಮೊದಲನೆಯದು ವರ್ಧನ. ತಟ್ಟೆಯ ಗೀರಿನಲ್ಲಿ ಮುಳ್ಳು ಅಲುಗಿದಾಗ ಅದರ ಬುಡದಲ್ಲಿರುವ ಕಾರ್ಟ್ರಿಜ್ ಎಂಬ ಸಣ್ಣ ಅಂಗದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಜಾತಿಯ ಕಾರ್ಟ್ರಿಜ್ಜಿನಲ್ಲಿ ಹುಟ್ಟುವುದು 3ರಿಂದ 5 ಮಿಲಿವೋಲ್ಟ್, ಎಂದರೆ ಒಂದು ವೋಲ್ಟಿನ ಸಾವಿರ ಪಾಲುಗಳಲ್ಲಿ ಮೂರು, ನಾಲ್ಕು ಅಥವಾ ಐದು ಪಾಲು ಮಾತ್ರ. ಆಂಪ್ಲಿಫಾಯರಿನ ಸಾಮಾನ್ಯ ದ್ವಾರವಾದರೋ ಕೆಲವು ನೂರು ಮಿಲಿವೋಲ್ಟುಗಳನ್ನು ನಿರೀಕ್ಷಿಸುತ್ತದೆ. ಆದಕಾರಣ ನಡುವೆ ಸುಮಾರು 100 ಪಾಲು ವೃದ್ಧಿಯು ಅವಶ್ಯ. ಇದನ್ನೇ ಯಂತ್ರಜ್ಞರು 40 ಡೆಸಿಬೆಲ್ ಎಂದು ಲೆಕ್ಕಿಸುವರು. ಮೂವಿಂಗ್ ಕಾಯಿಲ್ ಎಂಬ ಇನ್ನೊಂದು ಜಾತಿಯುಂಟು. ಅದರಲ್ಲಿ ಹುಟ್ಟುವುದು ಸಾಧಾರಣವಾಗಿ 0.2ರಿಂದ 0.5 ಮಿಲಿವೋಲ್ಟ್ ಆದುದರಿಂದ, ಅದಕ್ಕೆ 1000 ಪಾಲು ವೃದ್ಧಿ, ಎಂದರೆ 60 ಡೆಸಿಬೆಲ್ ಬೇಕಾಗುವುದು.

ಎರಡನೆಯ ಕೆಲಸವು ಇದಕ್ಕಿಂತ ಸೂಕ್ಷ್ಮವಾದುದು. ಹೆಚ್ಚು ಜನರಿಗೆ ತಿಳಿಯದಿರುವುದೂ ಇದೇ. ಗಾನವನ್ನು ತಟ್ಟೆಯ ಮೇಲೆ ಕೊರೆಯುವಾಗ ಇದ್ದುದನ್ನು ಇದ್ದಂತೆಯೇ ಕೊರೆಯುವುದಿಲ್ಲ. ಮಂದ್ರ ಸ್ವರಗಳು ಗೀರನ್ನು ಅಗಲವಾಗಿ ಓಲಾಡಿಸುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಒಂದು ಗೀರು ಪಕ್ಕದ ಗೀರಿಗೆ ತಾಗುವುದು, ಅಥವಾ ಗೀರುಗಳನ್ನು ದೂರದೂರ ಇಡಬೇಕಾಗಿ ತಟ್ಟೆಯಲ್ಲಿ ಹಿಡಿಸುವ ಗಾನವು ಕಡಮೆಯಾಗುವುದು. ತಾರ ಸ್ವರಗಳ ಅಲುಗಾಟವಾದರೋ ಅತ್ಯಲ್ಪವಾದುದರಿಂದ ತಟ್ಟೆಯ ಮೈಯ ಸರಸರ ಸದ್ದಿನಲ್ಲಿ ಮುಳುಗಿಹೋಗುವುದು. ಈ ಎರಡು ತೊಂದರೆಗಳನ್ನೂ ನೀಗಲು ಕೊರೆಯುವಾಗ ಮಂದ್ರವನ್ನು ತಗ್ಗಿಸುತ್ತಾರೆ, ತಾರವನ್ನು ಎತ್ತುತ್ತಾರೆ. ನುಡಿಸುವಾಗ ಅದಕ್ಕೆ ವಿಲೋಮವಾಗಿ ಮಂದ್ರವನ್ನು ಎತ್ತಿ ತಾರವನ್ನು ತಗ್ಗಿಸಬೇಕು. ಆಗ ಗಾನವು ಸ್ವಸ್ಥಾನಕ್ಕೆ ಬರುವುದಲ್ಲದೆ, ತಟ್ಟೆಯ ಸರಸರ ಸದ್ದೂ ತಾರದೊಡನೆ ತಗ್ಗಿಹೋಗುವುದು.

ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಎಂಬುದಕ್ಕೆ ಮೊದಲು ಒಂದೊಂದು ಕಂಪನಿಗೆ ಒಂದೊಂದು ಪದ್ಧತಿಯಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ 33⅓ ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದ ಮೇಲೆ ಈ ಗೊಂದಲವು ಹೆಚ್ಚಿತು. 1954ರಲ್ಲಿ ಆರ್.ಐ.ಎ.ಎ. ಎಂಬ ಅಮೆರಿಕದ ಗಾನಮುದ್ರಣ ಸಂಸ್ಥೆಯು ಒಂದು ಅಳತೆಯನ್ನು ಗೊತ್ತುಮಾಡಿತು. ಬರಬರುತ್ತ ಲೋಕವೆಲ್ಲ ಅದನ್ನೇ ಅಂಗೀಕರಿಸಿತು. ಅದರ ಪ್ರಕಾರ, ಸೆಕೆಂಡಿಗೆ 1000 ಕಂಪನಗಳ ಸ್ವರವನ್ನು ಮಟ್ಟವೆಂದು ಇಟ್ಟುಕೊಂಡರೆ, ಪೂರ್ವವರ್ಧಕವು 50 ಕಂಪನಗಳ ಮಂದ್ರವನ್ನು ಸುಮಾರು 7 ಪಾಲು ಎತ್ತುವುದು. 10,000 ಕಂಪನಗಳ ತಾರವನ್ನು ಸುಮಾರು ಐದರಲ್ಲಿ ಒಂದು ಪಾಲಿಗೆ ಇಳಿಸುವುದು.

ವ್ಯಾಕರಣ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕೊರೆಯುವವನು ಸಂಧಿ ಮಾಡಿ ಬರೆದಿದ್ದಾನೆ. ನುಡಿಸುವವನು ಸಂಧಿ ಬಿಡಿಸಿ ಓದಬೇಕು. ಯಾವ ಸೂತ್ರದಿಂದ ಕೂಡಿಸಿದೆಯೋ ಅದೇ ಸೂತ್ರದಿಂದ ಬಿಡಿಸತಕ್ಕದ್ದು. ‘ಮಹೋತ್ಸವ’ವನ್ನು ಗುಣಸಂಧಿಯೆಂದು ತಿಳಿದು ಬಿಡಿಸಿದರೆ ‘ಮಹಾ’, ‘ಉತ್ಸವ’ ಎಂಬ ಪದಗಳು ದೊರೆಯುವುವು. ಸವರ್ಣದೀರ್ಘದ ಸೂತ್ರವನ್ನು ಅದಕ್ಕೆ ಹಚ್ಚಿದರೆ ಅರ್ಥವೇ ಹೊರಡದು. ಪದವು ತಪ್ಪಾಗಿತ್ತೆಂದು ಆಗ ದೂರುವುದು ಸರಿಯೆ?

ಇದರಿಂದ ಗಾಯಕರ ಕಂಠಕ್ಕೇ ಅಪಚಾರವಾಗುವುದುಂಟೆಂಬುದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವಿದೆ. ಶ್ರೀಮತಿ ಗಂಗೂಬಾಯಿ ಹಾನಗಲ್ ಅವರು (1913–2009) 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗಾಗಿ ಗಾಂಧಾರಿ ಹಾನಗಲ್ ಎಂಬ ಹೆಸರಿನಿಂದ 78 ಸುತ್ತಿನ ತಟ್ಟೆಗಳಿಗೆ ಹಾಡಿದರು. ಆ ಕಂಠವು ತೆಳುವಾದುದು, ಎತ್ತರವಾದುದು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿಯು ಇಳಿದು, ಲೋಕಪ್ರಸಿದ್ಧವಾದ ಆ ಗಂಭೀರ ಗಂಡುದನಿಯಾಯಿತು. ಲಾಂಗ್ ಪ್ಲೇ ತಟ್ಟೆಗಳಲ್ಲಿ ನಾವು ಕೇಳುವುದು ಇದನ್ನೇ. ಈಗ ಪೂರ್ವವರ್ಧಕವಿಲ್ಲದೆ ಆ ಲಾಂಗ್ ಪ್ಲೇ ತಟ್ಟೆಯನ್ನು ನುಡಿಸಿದರೆ ಮಂದ್ರವು ಕುಗ್ಗಿ, ತಾರವು ಉಬ್ಬಿ, ಗಂಭೀರ ಕಂಠವು ತೆಳ್ಳಗೆ ಕೇಳುವುದು. ಪ್ರತಿಯಾಗಿ ಆ ಹಳೆಯ 78ರ ತಟ್ಟೆಯನ್ನು 1954ರ ಅಳತೆಯ ಪೂರ್ವವರ್ಧಕದಿಂದ ನುಡಿಸಿದರೆ, ಎತ್ತದೆ ಇದ್ದ ತಾರವನ್ನೂ ತಗ್ಗಿಸಿದಂತಾಗಿ, ತೆಳುಕಂಠವು ಮಂಕಾಗಿ ದಪ್ಪಗೆ ಕೇಳುವುದು. ಹೀಗೆ ಎರಡು ಕಡೆಯೂ ಯಂತ್ರವೇ ಸುಳ್ಳಾಡಿದರೆ, ಒಬ್ಬ ಮಹಾಗಾಯಕಿಯ ಜೀವನದಲ್ಲಿ ನಡೆದ ನಿಜವಾದ ಪರಿವರ್ತನೆಯನ್ನು ಕೇಳುಗನು ಗುರುತಿಸುವ ಬಗೆ ಹೇಗೆ? ಮನೆಯಲ್ಲಿರುವ ಪಂಡಿತ ಮಲ್ಲಿಕಾರ್ಜುನ ಮನಸೂರರ (1910–1992) ತಟ್ಟೆಗಳಿಗೂ ಕಾಳಿಂಗರಾಯರ ತಟ್ಟೆಗಳಿಗೂ ಇದೇ ಮಾತು ಸಲ್ಲುತ್ತದೆ.

ಇನ್ನು ಆರಿಸುವ ವಿಷಯ. ಪೂರ್ವವರ್ಧಕಗಳ ಬೆಲೆಯು ಕೆಲವು ಸಾವಿರ ರೂಪಾಯಿಗಳಿಂದ ಲಕ್ಷದ ಮೇಲಿನವರೆಗೂ ಇರುವುದು. ಬೆಲೆಯನ್ನು ವಿಚಾರಿಸುವ ಮೊದಲು ಗೃಹಸ್ಥನು ತನ್ನ ಮನೆಯಲ್ಲಿರುವುದನ್ನು ವಿಚಾರಿಸಬೇಕು. ಪ್ರತ್ಯೇಕ ಪೆಟ್ಟಿಗೆಯು ಬೇಕೋ ಬೇಡವೋ ಎಂಬುದೇ ಮೊದಲ ಪ್ರಶ್ನೆ. ಆಂಪ್ಲಿಫಾಯರಿನ ಹಿಂಬದಿಯಲ್ಲಿ ‘ಫೋನೋ’ ಎಂದು ಬರೆದ ದ್ವಾರವಿದ್ದರೆ ಪೂರ್ವವರ್ಧಕವು ಅದರೊಳಗೇ ಇದೆಯೆಂದು ತಿಳಿಯಬೇಕು. ಈಚಿನ ಅನೇಕ ಟರ್ನ್‌ಟೇಬಲ್ಲುಗಳಲ್ಲಿಯೂ ಅದನ್ನು ಒಳಗೇ ಕೂರಿಸಿ, ‘ಫೋನೋ’, ‘ಲೈನ್’ ಎಂಬ ಎರಡು ನೆಲೆಗಳ ಒಂದು ಗುಂಡಿಯನ್ನು ಇಟ್ಟಿರುತ್ತಾರೆ. ಆ ಗುಂಡಿಯು ‘ಲೈನ್’ ನೆಲೆಯಲ್ಲಿದ್ದರೆ ಸಾಮಾನ್ಯ ದ್ವಾರಕ್ಕೆ ಜೋಡಿಸತಕ್ಕದ್ದು. ‘ಫೋನೋ’ ನೆಲೆಯಲ್ಲಿದ್ದರೆ ಮಾತ್ರ ಪೂರ್ವವರ್ಧಕಕ್ಕೆ ಜೋಡಿಸತಕ್ಕದ್ದು. ಎರಡು ಪೂರ್ವವರ್ಧಕಗಳು ಒಂದರ ಹಿಂದೆ ಒಂದು ಸೇರಿದರೆ ಬಿಡಿಸಿದ ಸಂಧಿಯನ್ನು ಮತ್ತೊಮ್ಮೆ ಬಿಡಿಸಲು ಹೊರಟಂತಾಗಿ, ಸ್ವರವು ಒಡೆದು ಗುಡುಗುವುದು.

ಕಾರ್ಟ್ರಿಜ್ಜಿನ ಜಾತಿಯನ್ನು ತಿಳಿಯುವುದು ಎರಡನೆಯ ಕೆಲಸ. ಮೂವಿಂಗ್ ಮ್ಯಾಗ್ನೆಟ್ಟಿಗೆ ‘ಎಂ.ಎಂ.’ ಎಂದೂ ಮೂವಿಂಗ್ ಕಾಯಿಲಿಗೆ ‘ಎಂ.ಸಿ.’ ಎಂದೂ ಪೂರ್ವವರ್ಧಕದ ಮೇಲೆ ಗುರುತಿರುತ್ತದೆ. ಗೃಹಬಳಕೆಗೆ ಎಂ.ಎಂ. ಸಾಕು, ಅದರ ಮುಳ್ಳು ಸವೆದಾಗ ಮುಳ್ಳನ್ನು ಮಾತ್ರ ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿರುವುದೂ ಒಂದು ಅನುಕೂಲ. 1960 ಮತ್ತು 70ರ ದಶಕಗಳಲ್ಲಿ ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ, ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆಯಾಕಾರದ ರೆಕಾರ್ಡ್ ಪ್ಲೇಯರುಗಳಲ್ಲಿ ಬಹುಮಟ್ಟಿಗೆ ಇದ್ದುದು ಸೆರಾಮಿಕ್ ಅಥವಾ ಕ್ರಿಸ್ಟಲ್ ಎಂಬ ಮೂರನೆಯ ಜಾತಿ. ಅದರಲ್ಲಿ ನೂರಾರು ಮಿಲಿವೋಲ್ಟು ತಾನಾಗಿಯೇ ಹುಟ್ಟುವುದು. ಅದರ ಸ್ವಭಾವವೇ ಆ ವಿಲೋಮ ಕ್ರಮಕ್ಕೆ ಬಹುಮಟ್ಟಿಗೆ ಒಪ್ಪಿರುವುದು. ಅದಕ್ಕೆ ಫೋನೋ ಪ್ರಿಆಂಪ್ ಬೇಡ. ಹಿರಿಯರ ಕಾಲದಲ್ಲಿ ಇಂತಹ ಪೆಟ್ಟಿಗೆಯನ್ನು ಕಾಣದಿದ್ದುದಕ್ಕೆ ಕಾರಣವೂ ಇದೇ ಆಗಿದೆ.

ಕಾರ್ಟ್ರಿಜ್ಜು ಎದುರುನೋಡುವ ಭಾರವನ್ನು ಪೂರ್ವವರ್ಧಕವು ಕೊಡುವುದೋ ಎಂಬುದು ಮೂರನೆಯದು. ಎಂ.ಎಂ. ಜಾತಿಗೆ 47,000 ಓಮ್ ಎಂಬುದು ರೂಢಿಯಾದ ಅಳತೆ. ಎಲ್ಲ ಪೂರ್ವವರ್ಧಕಗಳಲ್ಲಿಯೂ ಇದು ಇರುವುದು. ಇದರೊಡನೆ ಕೆಪಾಸಿಟೆನ್ಸ್ ಎಂಬ ಇನ್ನೊಂದು ಗುಣವನ್ನು ಪಿಕೋಫ್ಯಾರಡ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾರ್ಟ್ರಿಜ್ಜಿನ ಕಾಗದದಲ್ಲಿ 100ರಿಂದ 200 ಎಂದೋ, 150ರಿಂದ 300 ಎಂದೋ ಬರೆದಿರುತ್ತದೆ. ಟರ್ನ್‌ಟೇಬಲ್ಲಿನ ತೋಳು, ತಂತಿ, ಪೂರ್ವವರ್ಧಕ ಈ ಮೂರರ ಮೊತ್ತವು ಆ ಮಿತಿಯೊಳಗೆ ಇರತಕ್ಕದ್ದು. ತೋಳು ಮತ್ತು ತಂತಿಯಿಂದ 150, ಪೂರ್ವವರ್ಧಕದಿಂದ 100 ಬಂದರೆ ಒಟ್ಟು 250 ಆಯಿತು. 300ರ ಮಿತಿಯುಳ್ಳದ್ದಕ್ಕೆ ಇದು ಒಪ್ಪುವುದು, 200ರ ಮಿತಿಯುಳ್ಳದ್ದಕ್ಕೆ ಒಪ್ಪದು. ಮಿತಿಮೀರಿದರೆ ‘ಸ’ಕಾರ, ‘ಶ’ಕಾರಗಳು ಕಿವಿಗೆ ಚುಚ್ಚುವುವು, ಅದಕ್ಕೂ ಮೇಲಿನ ಸೂಕ್ಷ್ಮನಾದಗಳು ಅಡಗಿಹೋಗುವುವು.

ನಾಲ್ಕನೆಯದಾಗಿ, ನಮ್ಮ ಸೀಮೆಯವರು ವಿಶೇಷವಾಗಿ ಕೇಳಿ ಪಡೆಯಬೇಕಾದ ಎರಡು ಅನುಕೂಲಗಳುಂಟು. ಕಾಗಿಣಾ ತೀರದ ನಮ್ಮ ದಂಡೋತಿಯಲ್ಲಿ ವೈಶಾಖದ ಬಿಸಿಲು ಎಂತಹುದೆಂದು ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಒಂದರ ಮೇಲೊಂದಾಗಿ ಪೇರಿಸಿಟ್ಟ ತಟ್ಟೆಗಳು ಆ ಕಾವಿಗೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಸೊಟ್ಟ ತಟ್ಟೆಯ ಮೇಲೆ ಮುಳ್ಳು ಏರಿ ಇಳಿಯುವಾಗ, ಕಿವಿಗೆ ಕೇಳಿಸದಷ್ಟು ಮಂದವಾದ ಕಂಪನಗಳು ಹುಟ್ಟಿ ಸ್ಪೀಕರಿನ ಕಾಗದವನ್ನು ಹಿಂದೆ ಮುಂದೆ ಅಲುಗಿಸಿ, ಇದ್ದ ಬಲವನ್ನೆಲ್ಲ ನುಂಗುತ್ತವೆ. ಇದನ್ನು ತಡೆಯುವ ‘ಸಬ್‌ಸೋನಿಕ್ ಫಿಲ್ಟರ್’ ಉಳ್ಳ ಪೂರ್ವವರ್ಧಕವು ನಮಗೆ ಹೆಚ್ಚು ಉಪಯುಕ್ತ. ‘ಮೋನೋ’ ಎಂಬ ಗುಂಡಿಯು ಇನ್ನೊಂದು ಅನುಕೂಲ. ಸ್ಟೀರಿಯೋ ತಟ್ಟೆಗಳು ಲೋಕದಲ್ಲಿ ಮೊದಲು ಮಾರಾಟಕ್ಕೆ ಬಂದುದು 1957–58ರ ಸುಮಾರಿಗೆ. ಅದಕ್ಕೆ ಹಿಂದಿನ ಗಾನವೆಲ್ಲ ಒಂದೇ ವಾಹಿನಿಯದು. ಅಂತಹ ತಟ್ಟೆಗೆ ಈ ಗುಂಡಿಯನ್ನು ಒತ್ತಿದರೆ ಎಡಬಲಗಳು ಕೂಡಿ, ಮುಳ್ಳಿನ ಮೇಲುಕೆಳಗಿನ ಅಲುಗಾಟದಿಂದ ಬರುವ ಕೊರಕೊರ ಸದ್ದು ಪರಸ್ಪರ ಹೊಡೆದುಕೊಂಡು ಅಡಗುವುದು. ಸವೆದಿದೆಯೆಂದು ಬಿಟ್ಟಿದ್ದ ತಟ್ಟೆಯು ಇದೊಂದರಿಂದಲೇ ಕೇಳತಕ್ಕದ್ದಾಗುವುದುಂಟು.

ಇನ್ನು ಹೂಡುವ ಕ್ರಮ. ಟರ್ನ್‌ಟೇಬಲ್ಲಿಗೆ ಅಲುಗದ ಪೀಠವು ಬೇಕು. ಈ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ಶಹಾಬಾದಿನ ಪರಸಿ ಕಲ್ಲು ಮನೆಮನೆಯಲ್ಲಿಯೂ ಉಂಟು. ಗೋಡೆಯೊಳಗೆ ಸೇರಿಸಿ ಕೂರಿಸಿದ ಪರಸಿಯ ಹಲಗೆಯ ಮೇಲೆ ಇಟ್ಟರೆ ಮಕ್ಕಳು ಓಡಾಡಿದರೂ ಮುಳ್ಳು ಹಾರದು. ಸ್ಪೀಕರುಗಳನ್ನು ಮಾತ್ರ ಅದೇ ಹಲಗೆಯ ಮೇಲೆ ಇಡಕೂಡದು; ಅವುಗಳ ಅದುರು ಮುಳ್ಳಿಗೆ ತಾಗಿ, ಪುನಃ ಸ್ಪೀಕರಿಗೆ ಹೋಗಿ, ಊಳಿಡುವಂತಹ ಸದ್ದಾಗುವುದು. ಪೂರ್ವವರ್ಧಕವನ್ನು ಟರ್ನ್‌ಟೇಬಲ್ಲಿನ ಸಮೀಪದಲ್ಲಿಯೂ, ಆಂಪ್ಲಿಫಾಯರಿನಿಂದ ಒಂದೆರಡು ಮೊಳ ದೂರದಲ್ಲಿಯೂ ಇರಿಸಬೇಕು. ಟರ್ನ್‌ಟೇಬಲ್ಲಿನಿಂದ ಬರುವ ಕ್ಷೀಣ ವಿದ್ಯುತ್ತಿನ ತಂತಿಯು ಗಿಡ್ಡವಾಗಿರಲಿ. ಉದ್ದವಾದ ತಂತಿಯು ಬೇಕಾದಲ್ಲಿ ವೃದ್ಧಿಯಾದ ಮೇಲೆ, ಎಂದರೆ ಪೂರ್ವವರ್ಧಕದಿಂದ ಆಂಪ್ಲಿಫಾಯರಿಗೆ ಇರಲಿ. ಕೆಂಪು ತಲೆಯು ಬಲಕ್ಕೆ, ಬಿಳಿಯದು ಎಡಕ್ಕೆ. ತಂತಿಗಳನ್ನು ಜೋಡಿಸುವಾಗಲೂ ಬಿಚ್ಚುವಾಗಲೂ ಆಂಪ್ಲಿಫಾಯರನ್ನು ಆರಿಸಿರತಕ್ಕದ್ದು.

ಗುಂಯ್ಕಾರದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ದೇಶದ ಮನೆವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪೂರ್ವವರ್ಧಕವು ಆ 50 ಕಂಪನಗಳ ನೆರೆಯನ್ನೇ ಸುಮಾರು 7 ಪಾಲು ಹೆಚ್ಚಾಗಿ ಎತ್ತುವುದೆಂದು ಮೇಲೆ ಹೇಳಿದೆಯಷ್ಟೆ. ಆದುದರಿಂದ ಬೇರೆ ಯಂತ್ರಗಳಲ್ಲಿ ಕೇಳಿಸದ ಅಲ್ಪ ಸೋರಿಕೆಯೂ ಇಲ್ಲಿ ಹೆಜ್ಜೇನಿನಂತೆ ಮೊರೆಯುತ್ತದೆ. ಇದನ್ನು ನಿವಾರಿಸಲೆಂದೇ ಟರ್ನ್‌ಟೇಬಲ್ಲಿನಿಂದ ಕವಲು ತುದಿಯ ತೆಳುವಾದ ತಂತಿಯೊಂದು ಹೊರಬಂದಿರುತ್ತದೆ. ಅದನ್ನು ಪೂರ್ವವರ್ಧಕದ ಹಿಂಬದಿಯ ತಿರುಪಿಗೆ ಬಿಗಿಯಬೇಕು, ಬೇರೆಲ್ಲಿಗೂ ಅಲ್ಲ. ನಮ್ಮೂರಿನ ಗೃಹಸ್ಥರೊಬ್ಬರು ಇದು ಅರ್ಥಿಂಗಿನ ತಂತಿಯೆಂದು ಕೇಳಿ, ಅಂಗಳದಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಯವರೆಗೆ ಅದನ್ನು ಎಳೆಸಿದ್ದರು. ಗುಂಯ್ಕಾರವು ತಗ್ಗುವುದಕ್ಕೆ ಬದಲಾಗಿ ಇಮ್ಮಡಿಯಾಯಿತು. ಭೂಮಿಗೆ ಎರಡು ದಾರಿಗಳಾದರೆ ಆ ಎರಡರ ನಡುವೆ ಒಂದು ಕುಣಿಕೆ ಏರ್ಪಟ್ಟು, ಅದರಲ್ಲಿ ವಿದ್ಯುತ್ತು ಸುತ್ತತೊಡಗುವುದೇ ಇದಕ್ಕೆ ಕಾರಣ. ತಂತಿಯನ್ನು ತಿರುಪಿಗೆ ತಂದು ಬಿಗಿದಾಗ ಸದ್ದು ಅಡಗಿತು. ಆಂಪ್ಲಿಫಾಯರಿನ ಮೂರು ಕಾಲಿನ ಪ್ಲಗ್ಗಿನ ಅರ್ಥಿಂಗನ್ನು ಮಾತ್ರ ಗುಂಯ್ಕಾರಕ್ಕೆ ಹೆದರಿ ಎಂದಿಗೂ ಕಿತ್ತುಹಾಕಕೂಡದು. ಅದು ಪ್ರಾಣರಕ್ಷಣೆಗೆ ಇರುವಂತಹುದು. ಕಲ್ಲುನೆಲದ ನಮ್ಮ ಊರುಗಳಲ್ಲಿ ಬೇಸಗೆಯಲ್ಲಿ ಆ ಗುಂಡಿಯು ಒಣಗಿ ನಿರುಪಯುಕ್ತವಾಗುವುದರಿಂದ ಆಗಾಗ್ಗೆ ನೀರು ಹಾಕಿಸುತ್ತಿರಬೇಕು.

ಕರೆಂಟು ಹೋದಾಗ ಇನ್ವರ್ಟರಿನಲ್ಲಿ ನುಡಿಸುವವರಿಗೆ ಒಂದು ಮಾತು. ಅಗ್ಗದ ಇನ್ವರ್ಟರುಗಳು ಕೊಡುವ ವಿದ್ಯುತ್ತಿನ ಅಲೆಯು ಚೌಕಾಕಾರದ್ದು. ಅದರಿಂದ ಕರಕರನೆಯ ಒಂದು ಸದ್ದು ತಂತಿಯೊಳಗೆ ನುಗ್ಗುವುದು. ಆಗ ಪೂರ್ವವರ್ಧಕವು ಕೆಟ್ಟಿತೆಂದು ತಿಳಿಯಲಾಗದು. ಕರೆಂಟು ಬಂದ ಮೇಲೆ ಕೇಳಿ ನೋಡಬೇಕು. ಪೂರ್ವವರ್ಧಕದ ಅಡಾಪ್ಟರು ಕಳೆದುಹೋದರೆ ತುದಿಯು ಹೊಂದಿತೆಂದು ಸಿಕ್ಕಿದ್ದನ್ನು ಚುಚ್ಚಕೂಡದು. ವೋಲ್ಟಿನ ಅಂಕಿಯೂ, ಎ.ಸಿ.ಯೋ ಡಿ.ಸಿ.ಯೋ ಎಂಬುದೂ, ಧನಋಣಗಳ ಕ್ರಮವೂ ಒಪ್ಪಬೇಕು.

ಎಲ್ಲವೂ ಕೂಡಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡತಕ್ಕದ್ದು. ಮುಳ್ಳನ್ನು ಎತ್ತಿಟ್ಟು, ನಿತ್ಯ ಕೇಳುವ ಮಟ್ಟಕ್ಕೆ ಧ್ವನಿಯನ್ನು ಏರಿಸಿ, ನಾಲ್ಕು ಮಾರು ದೂರ ಕುಳಿತಾಗ ನಿಶ್ಶಬ್ದವಿದ್ದರೆ ಜೋಡಣೆಯು ಸರಿ. ಬಳಿಕ ಅದೇ ಮಟ್ಟದಲ್ಲಿ ಒಮ್ಮೆ ಸಿ.ಡಿ.ಯನ್ನು, ಒಮ್ಮೆ ತಟ್ಟೆಯನ್ನು ಕೇಳಬೇಕು. ತಟ್ಟೆಯು ಸ್ವಲ್ಪ ಮೆಲ್ಲಗಿದ್ದರೆ ಚಿಂತೆಯಿಲ್ಲ. ಬಹಳ ಮೆಲ್ಲಗಿದ್ದರೆ ವೃದ್ಧಿಯು ಸಾಲದು, ಒಡೆದು ಕೇಳಿದರೆ ಹೆಚ್ಚಾಯಿತು.

ಅರಗಿನಿಂದ ಮಾಡಿದ 78ರ ತಟ್ಟೆಗಳ ವಿಷಯದಲ್ಲಿ ವಿಶೇಷ ಎಚ್ಚರವು ಬೇಕು. ಟರ್ನ್‌ಟೇಬಲ್ಲಿಗೆ 78ರ ವೇಗವಿರಬೇಕು. ಮುಳ್ಳು ಬೇರೆಯಾಗಿರಬೇಕು, ಲಾಂಗ್ ಪ್ಲೇಯ ಮುಳ್ಳಿನ ತುದಿಯು ಸುಮಾರು 18 ಮೈಕ್ರಾನ್, 78ರದು ಸುಮಾರು 76 ಮೈಕ್ರಾನ್. ಸಣ್ಣ ಮುಳ್ಳು ಅಗಲವಾದ ಗೀರಿನ ತಳವನ್ನು ಕೆರೆಯುತ್ತ ಸದ್ದನ್ನೇ ಹೆಕ್ಕುವುದು. ದಪ್ಪ ಮುಳ್ಳನ್ನು ಲಾಂಗ್ ಪ್ಲೇಯ ಮೇಲಿಟ್ಟರೆ ಗೀರು ನಿಜವಾಗಿಯೂ ಹಾಳಾಗುವುದು, ಮತ್ತೆ ಸರಿಯಾಗದು. ಮಂದ್ರವನ್ನು ತಗ್ಗಿಸತೊಡಗುವ ಎಡೆಯು ಆ ತಟ್ಟೆಗಳಲ್ಲಿ ಕಂಪನಿಯಿಂದ ಕಂಪನಿಗೆ 250ರಿಂದ 500 ಕಂಪನಗಳವರೆಗೆ ಬೇರೆ ಬೇರೆಯಾಗಿದ್ದಿತು; ತಾರವನ್ನು ಅನೇಕರು ಎತ್ತುತ್ತಲೇ ಇರಲಿಲ್ಲ. 78ರ ತಟ್ಟೆಗಳು ಹೆಚ್ಚಾಗಿರುವ ಮನೆಯವರು ಈ ಅಳತೆಗಳನ್ನು ಬದಲಾಯಿಸಬಲ್ಲ ಪೂರ್ವವರ್ಧಕವನ್ನು ಕೊಳ್ಳುವುದು ಲೇಸು. ನಾಲ್ಕಾರು ತಟ್ಟೆಗಳು ಮಾತ್ರ ಇದ್ದವರು ಸಾಮಾನ್ಯ ಪೂರ್ವವರ್ಧಕದಿಂದಲೇ ನುಡಿಸಿ, ಆಂಪ್ಲಿಫಾಯರಿನ ಟ್ರೆಬಲ್ ಗುಂಡಿಯನ್ನು ಏರಿಸಿ, ಬೇಸ್ ಗುಂಡಿಯನ್ನು ಇಳಿಸಿದರೆ ಕಂಠವು ಬಹುಮಟ್ಟಿಗೆ ತಿಳಿಯಾಗುವುದು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರಸಲಾಗದು. ಅರಗು ಅದರಲ್ಲಿ ಕರಗುತ್ತದೆ. ಭಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯೇ ಸಾಕು. ವಾಡಿ, ಶಹಾಬಾದುಗಳ ಕಲ್ಲುಧೂಳಿನ ನಡುವೆ ಇರುವ ಮನೆಗಳಲ್ಲಿ ಪ್ರತಿಸಲವೂ ನುಡಿಸುವ ಮೊದಲು ತಟ್ಟೆಯ ಧೂಳನ್ನು ತೆಗೆಯಬೇಕು. ಮುಳ್ಳಿನಡಿ ಸಿಕ್ಕ ಕಲ್ಲುಧೂಳು ಗೀರನ್ನು ಅರೆದುಹಾಕುವುದು.

ತಟ್ಟೆಗಳು ಸವೆಯುವುದೇ ಇಲ್ಲವೆಂದು ಹೇಳುವ ಅಭಿಪ್ರಾಯವಲ್ಲ. ನಿಜವಾಗಿ ಸವೆದುದಕ್ಕೂ ಯಂತ್ರದೋಷಕ್ಕೂ ಲಕ್ಷಣಭೇದವುಂಟು. ಸವೆದ ತಟ್ಟೆಯಲ್ಲಿ ಸ್ವರವು ಜೋರಾದ ಎಡೆಗಳಲ್ಲಿ ಮಾತ್ರ ಒಡೆಯುವುದು. ಒಂದು ತಟ್ಟೆಯು ಹೀಗಿದ್ದರೆ ಇನ್ನೊಂದು ನೆಟ್ಟಗಿರುವುದು. ಎಲ್ಲ ತಟ್ಟೆಗಳೂ ಒಂದೇ ರೀತಿಯಾಗಿ ತೆಳ್ಳಗೆ ಕೇಳಿದರೆ, ಅಥವಾ ಎಲ್ಲದರ ಹಿಂದೆಯೂ ಒಂದೇ ಗುಂಯ್ಕಾರವಿದ್ದರೆ, ಅಪರಾಧವು ತಟ್ಟೆಯದಲ್ಲ. ಆದಕಾರಣ ಪೂರ್ವವರ್ಧಕವಿದೆಯೆ, ಒಂದೇ ಇದೆಯೆ, ತೆಳುತಂತಿಯು ತಿರುಪಿನಲ್ಲಿ ಬಿಗಿಯಾಗಿದೆಯೆ, ಮುಳ್ಳು ಆ ತಟ್ಟೆಯ ಜಾತಿಯದೆ ಎಂಬ ನಾಲ್ಕನ್ನೂ ನೋಡಿಕೊಂಡ ಮೇಲೆಯೇ ಹಿರಿಯರ ತಟ್ಟೆಯನ್ನು ಮನೆಯ ಹೊಸ್ತಿಲು ದಾಟಿಸತಕ್ಕದ್ದು.